ಸ್ವಂತ ದುಡಿಮೆ, ಹೆಂಡತಿಯ ಆಫೀಸಿನ ಪ್ಲಾನ್ ಬೇಡ ಅಂದಿದ್ದೇವೆ: ಹೆಲ್ತ್ ಇನ್ಶೂರೆನ್ಸ್ ಪ್ರೀಮಿಯಂ ಟ್ಯಾಕ್ಸ್‌ನಲ್ಲಿ ಕಳೆಯಬಹುದೇ?

ಸಿಹಿಮೊಗೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ 2025ರ ಟ್ಯಾಕ್ಸ್ ರಿಟರ್ನ್ ತುಂಬುತ್ತಾ ಒಂದು ಪ್ರಶ್ನೆಯ ಹತ್ತಿರ ನಿಂತುಬಿಟ್ಟಿದ್ದೇನೆ. ಮೇ ಕೊನೆಗೆ ಕೆಲಸ ಬಿಟ್ಟೆ. ಜೂನ್‌ನಿಂದ ಸ್ವಂತವಾಗಿ ಡೇಟಾಬೇಸ್ ಕನ್ಸಲ್ಟಿಂಗ್. ಎಲ್‌ಎಲ್‌ಸಿ ಗಿಲ್‌ಎಲ್‌ಸಿ ಅಂತ ಕಂಪನಿ ಏನೂ ಮಾಡಿಲ್ಲ. 1099-ಎನ್‌ಇಸಿ (ಸ್ವಂತ ದುಡಿಮೆಗೆ ಕೊಟ್ಟ ಹಣದ ಪತ್ರ) ಬರುತ್ತೆ, ಶೆಡ್ಯೂಲ್ ಸಿ (ಸ್ವಂತ ವ್ಯವಹಾರದ ಲಾಭ-ನಷ್ಟದ ಫಾರ್ಮ್) ತುಂಬುತ್ತೇನೆ. ಖರ್ಚೆಲ್ಲ ಕಳೆದು ಲಾಭ ಸುಮಾರು 60,000 ಡಾಲರ್. ಇಬ್ಬರಿಗೂ ಗ್ರೀನ್ ಕಾರ್ಡ್ ಇದೆ, ವೀಸಾ ತಕರಾರಿಲ್ಲ.

ಜೂನ್ 1ರಿಂದ ನಾಲ್ಕೂ ಜನಕ್ಕೆ ನೇರವಾಗಿ ವಿಮಾ ಕಂಪನಿಯಿಂದಲೇ ಪಾಲಿಸಿ ತಗೊಂಡೆ, ತಿಂಗಳಿಗೆ 1,450. ಮಾರ್ಕೆಟ್‌ಪ್ಲೇಸ್ (ಸರ್ಕಾರದ ವಿಮಾ ಮಾರುಕಟ್ಟೆ) ಮೂಲಕ ಅಲ್ಲ, ಸಬ್ಸಿಡಿ ಇಲ್ಲ. ಆಗಸ್ಟ್ ಕೊನೆಯಲ್ಲಿ ಹೆಂಡತಿಗೆ ಒಂದು ಶಾಲೆಯಲ್ಲಿ ಕೆಲಸ ಸಿಕ್ತು. ಅಲ್ಲಿ ಇನ್ಶೂರೆನ್ಸ್ ಇದೆ. ಅವಳೊಬ್ಬಳಿಗೆ ಅಗ್ಗ, ಇಡೀ ಸಂಸಾರಕ್ಕೆ ಅಂದರೆ ಸಂಬಳದಲ್ಲಿ ತಿಂಗಳಿಗೆ 1,700 ಹಿಡೀತಾರೆ. ಬೇಡ ಅಂತ ಸಹಿ ಹಾಕಿ ಕೊಟ್ಟು ಹಳೇ ಪಾಲಿಸಿಯನ್ನೇ ಮುಂದುವರಿಸಿದೆವು.

ಸಾಫ್ಟ್‌ವೇರ್ ಏಳು ತಿಂಗಳ 10,150 ಡಾಲರನ್ನೂ ಕಳೆದು ತೋರಿಸ್ತಿದೆ. ಸ್ನೇಹಿತರೊಬ್ಬರು "ಹೆಂಡತಿ ಕಡೆ ಪ್ಲಾನ್ ಇದ್ದರೆ ಒಂದು ಕಾಸೂ ಸಿಗಲ್ಲ" ಅಂತಾರೆ. ಯಾವುದು ಸರಿ?

ಲೆಕ್ಕದ ಪುಸ್ತಕ

ಇಬ್ಬರ ಮಾತೂ ಅರ್ಧ ಸರಿ ಸರ್. ನಾನು ಎನ್‌ರೋಲ್ಡ್ ಏಜೆಂಟ್, ಅಂದರೆ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಪರವಾನಗಿ ಇರುವ ತೆರಿಗೆ ಸಲಹೆಗಾರ್ತಿ, ವರ್ಷಾ ವರ್ಷಾ ಫೆಬ್ರವರಿ ಬಂದರೆ ಈ ಪ್ರಶ್ನೆ ನನ್ನ ಮೇಜಿಗೆ ಬಂದೇ ಬರುತ್ತೆ.

ಈ ಕಡಿತ ಇಡೀ ವರ್ಷಕ್ಕೆ ಒಟ್ಟಿಗೆ ಹೌದು ಅಥವಾ ಅಲ್ಲ ಅನ್ನುವಂಥದ್ದಲ್ಲ, ತಿಂಗಳು ತಿಂಗಳು ಬೇರೆ ಬೇರೆ ನೋಡಬೇಕು. ಯಾವ ತಿಂಗಳಲ್ಲಿ ನಿಮ್ಮ ಅಥವಾ ಹೆಂಡತಿಯ ಉದ್ಯೋಗದಾತರು ಒಂದು ಪಾಲು ಹಣ ಹಾಕಿ ನಡೆಸುವ ಪ್ಲಾನಿಗೆ ನೀವು ಸೇರಬಹುದಿತ್ತೋ, ಆ ತಿಂಗಳ ಪ್ರೀಮಿಯಂ ಕಳೆಯುವ ಹಾಗಿಲ್ಲ. ಸೇರಿದಿರೋ ಬಿಟ್ಟಿರೋ ಕಾನೂನು ಕೇಳೋದೇ ಇಲ್ಲ. ಬೇಡ ಅಂತ ಸಹಿ ಹಾಕಿದ ಕಾಗದವೇ "ನಮಗೆ ಅವಕಾಶ ಇತ್ತು" ಅನ್ನೋದಕ್ಕೆ ಸಾಕ್ಷಿ ಆಗುತ್ತೆ. ಇದು ತೆರಿಗೆ ಕಾನೂನಿನ 162(ಎಲ್) ಸೆಕ್ಷನ್.

ನಿಮ್ಮ ಜೂನ್, ಜುಲೈ, ಆಗಸ್ಟ್ ಗಟ್ಟಿ. ಆಮೇಲಿನದು ಶಾಲೆಯ ಕವರೇಜ್ ಯಾವತ್ತಿನಿಂದ ಶುರು ಆಗಬಹುದಿತ್ತು ಅನ್ನೋದರ ಮೇಲೆ. ಎಷ್ಟೋ ಕಡೆ ಕೆಲಸಕ್ಕೆ ಸೇರಿ ಒಂದಷ್ಟು ದಿನ ಕಾಯಬೇಕು, 90 ದಿನದ ತನಕ ಕಾಯಿಸಲು ಕಾನೂನಿನಲ್ಲೇ ಅವಕಾಶ ಇದೆ. ಆಫರ್ ಜೊತೆ ಕೊಟ್ಟ ಬೆನಿಫಿಟ್ಸ್ ಕಾಗದ ಹುಡುಕಿ. ಗಂಡ ಅಥವಾ ಹೆಂಡತಿಯನ್ನು ಪ್ಲಾನಿಗೆ ಸೇರಿಸಿಕೊಳ್ಳೋದೇ ಇಲ್ಲ ಅನ್ನುವ ಸಂಸ್ಥೆಗಳೂ ಉಂಟು, ಅದನ್ನೂ ನೋಡಿ.

ಸಾಫ್ಟ್‌ವೇರ್ ತಪ್ಪು ಮಾಡ್ತಿಲ್ಲ. ಎಲ್ಲೋ ಒಂದು ಕಡೆ "ಉದ್ಯೋಗದಾತರ ಪ್ಲಾನಿಗೆ ಅರ್ಹರಾಗಿದ್ದಿರಾ" ಅಂತ ಕೇಳಿರುತ್ತೆ, ನೀವು ಇಲ್ಲ ಒತ್ತಿರುತ್ತೀರಿ.

ಸಿಹಿಮೊಗೆ

ಮೇಡಂ, ಇದು ಯಾವ ನ್ಯಾಯ? ತಿಂಗಳಿಗೆ 1,700 ಕೊಡಲಾಗದೆ ತಾನೇ ಬೇಡ ಅಂದಿದ್ದು. ಮಾರ್ಕೆಟ್‌ಪ್ಲೇಸ್‌ನಲ್ಲಿ "ಆಫೀಸಿನ ಪ್ಲಾನ್ ದುಬಾರಿಯಾದರೆ ಸಬ್ಸಿಡಿ ಸಿಗುತ್ತೆ" ಅಂತ ಓದಿದ ನೆನಪು.

ಲೆಕ್ಕದ ಪುಸ್ತಕ

ಓದಿದ್ದು ಸರಿಯೇ. ಆದರೆ ಅದು ಬೇರೆ ಕಾನೂನು, ಅದರ ಅಳತೆಗೋಲೇ ಬೇರೆ. ಆ ಸಬ್ಸಿಡಿ, ಅಂದರೆ ಪ್ರೀಮಿಯಂ ಟ್ಯಾಕ್ಸ್ ಕ್ರೆಡಿಟ್‌ಗೆ "ಕೈಗೆಟುಕುತ್ತದೆಯೇ" ಅನ್ನೋ ಪರೀಕ್ಷೆ ಇದೆ. 2025ಕ್ಕೆ ನೀವು ಕಟ್ಟುವ ಪಾಲು ಮನೆಯ ಆದಾಯದ 9.02% ದಾಟಿದರೆ ಆಫೀಸಿನ ಪ್ಲಾನ್ ದುಬಾರಿ ಅಂತ ಲೆಕ್ಕ, 2026ಕ್ಕೆ ಅದು 9.96%. 2023ರಿಂದ ಮನೆಯವರಿಗೆ ಇಡೀ ಕುಟುಂಬದ ಪ್ರೀಮಿಯಂ ಹಿಡಿದೇ ಈ ಪರೀಕ್ಷೆ ಮಾಡ್ತಾರೆ. ಅದಕ್ಕೂ ಮೊದಲು ನೌಕರನೊಬ್ಬನ ಪ್ರೀಮಿಯಂ ಮಾತ್ರ ನೋಡಿ, ಹೆಂಡತಿ ಮಕ್ಕಳಿಗೆ ಸಬ್ಸಿಡಿ ತಪ್ಪಿಸ್ತಿದ್ದರು.

162(ಎಲ್)ನಲ್ಲಿ ಇಂಥ ಪರೀಕ್ಷೆಯೇ ಇಲ್ಲ. ದುಬಾರಿಯೋ ಅಗ್ಗವೋ, ಒಳ್ಳೇ ಪ್ಲಾನೋ ಕೆಟ್ಟದ್ದೋ, ನಿಮ್ಮ ಡಾಕ್ಟರ್ ಅದರಲ್ಲಿ ಇದ್ದಾರೋ ಇಲ್ಲವೋ, ಯಾವುದೂ ಲೆಕ್ಕಕ್ಕಿಲ್ಲ. ಹಾಗಾಗಿ ಒಂದೇ ಮನೆಗೆ ಒಂದೇ ತಿಂಗಳಲ್ಲಿ "ಸಬ್ಸಿಡಿಗೆ ಅರ್ಹರು, ಕಡಿತಕ್ಕೆ ಅನರ್ಹರು" ಅನ್ನೋ ಪರಿಸ್ಥಿತಿ ಬರಬಹುದು. ನ್ಯಾಯ ಅನ್ನಿಸೋದಿಲ್ಲ, ಒಪ್ತೀನಿ. ಕಾಂಗ್ರೆಸ್ ಬದಲಾಯಿಸಬೇಕಷ್ಟೆ.

ಕಳೆಯಲಾಗದ ತಿಂಗಳುಗಳ ಹಣ ಪೂರ್ತಿ ನೀರುಪಾಲು ಅಂತಲ್ಲ. ಶೆಡ್ಯೂಲ್ ಎ ನಲ್ಲಿ, ಅಂದರೆ ಖರ್ಚುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ಕಳೆಯುವ ಫಾರ್ಮಿನಲ್ಲಿ, ವೈದ್ಯಕೀಯ ಖರ್ಚಿಗೆ ಸೇರಿಸಬಹುದು. ಆದರೆ ಒಟ್ಟು ಖರ್ಚು ಎಜಿಐನ (ಕೆಲವು ಕಡಿತ ಕಳೆದ ಮೇಲಿನ ಒಟ್ಟು ಆದಾಯ) 7.5% ದಾಟಿದ ಮೇಲಿನದ್ದು ಮಾತ್ರ ಸಿಗೋದು, ಅದೂ 2025ರ ಜಂಟಿ ರಿಟರ್ನಿನ 31,500 ಡಾಲರಿನ, ಪಟ್ಟಿ ಇಲ್ಲದೆಯೇ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್‌ಗಿಂತ ನಿಮ್ಮ ಪಟ್ಟಿ ದೊಡ್ಡದಾದರೆ. ದೊಡ್ಡ ಮನೆಸಾಲ, ದೊಡ್ಡ ಆಸ್ಪತ್ರೆ ಬಿಲ್ ಇಲ್ಲದಿದ್ದರೆ ಆಸೆ ಇಟ್ಟುಕೊಳ್ಳಬೇಡಿ.

ಕಡಲತಡಿ

ನನ್ನದೂ ಇದೇ ಕಥೆ ಮಾರಾಯ್ರೆ. ನ್ಯೂಜೆರ್ಸಿಯಲ್ಲಿ ಮಕ್ಕಳಿಗೆ ಭರತನಾಟ್ಯ ಹೇಳಿಕೊಡ್ತೇನೆ. ಲಾಭ ಅಂತ ವರ್ಷಕ್ಕೆ 6,000 ಉಳಿದರೆ ದೊಡ್ಡದು. ನಮ್ಮವರ ಆಫೀಸಿನ ಪ್ಲಾನಲ್ಲೇ ಎಲ್ಲರೂ ಇದ್ದೇವೆ. ಅದರಲ್ಲಿ ಹಲ್ಲಿಂದು ಸರಿ ಇಲ್ಲ ಅಂತ ನಾನು ಬೇರೆ ಡೆಂಟಲ್ ಪಾಲಿಸಿ ತಗೊಂಡಿದ್ದೇನೆ. ಅದನ್ನಾದರೂ ನನ್ನ ಕ್ಲಾಸಿನ ಲೆಕ್ಕದಲ್ಲಿ ಕಳೆಯಬಹುದಾ?

ಇನ್ನೊಂದು. ವಯಸ್ಸಾದ ಮೇಲೆ ನೋಡಿಕೊಳ್ಳುವವರಿಗೆ ಅಂತ ಲಾಂಗ್ ಟರ್ಮ್ ಕೇರ್ ಪಾಲಿಸಿ ಮಾಡಿಸಿ ಅಂತ ಏಜೆಂಟ್ ಬೆನ್ನು ಬಿದ್ದಿದ್ದಾನೆ. ನಂಗೆ 52.

ಲೆಕ್ಕದ ಪುಸ್ತಕ

ಡೆಂಟಲ್ ಆಗೋದಿಲ್ಲ ಅಕ್ಕ. ಗಂಡನ ಆಫೀಸಿನ ಪ್ಲಾನಿಗೆ ನೀವು ಅರ್ಹರು, ಅಲ್ಲಿಗೆ ಆ ತಿಂಗಳುಗಳ ಹಲ್ಲು, ಕಣ್ಣು, ಆಸ್ಪತ್ರೆ ಎಲ್ಲದರ ಬಾಗಿಲೂ ಮುಚ್ಚಿತು.

ಲಾಂಗ್ ಟರ್ಮ್ ಕೇರ್ ಮಾತ್ರ ಬೇರೆ. ಅದಕ್ಕೆ ಪರೀಕ್ಷೆಯನ್ನು ಪ್ರತ್ಯೇಕವಾಗಿ ಮಾಡ್ತಾರೆ. ಗಂಡನ ಆಫೀಸಿನಲ್ಲಿ ಆ ಥರದ ಸಬ್ಸಿಡಿ ಪಾಲಿಸಿ ಇಲ್ಲದಿದ್ದರೆ ನಿಮ್ಮ ಪಾಲಿಸಿಯ ಪ್ರೀಮಿಯಂ ಕಳೆಯಬಹುದು, ಪಾಲಿಸಿ ತೆರಿಗೆ ನಿಯಮಕ್ಕೆ ಒಪ್ಪುವಂಥದ್ದಾಗಿರಬೇಕು. ವಯಸ್ಸಿಗೆ ತಕ್ಕ ಮಿತಿ ಇದೆ: 2025ಕ್ಕೆ 51ರಿಂದ 60ರವರಿಗೆ 1,800 ಡಾಲರ್, 61ರಿಂದ 70ಕ್ಕೆ 4,810, ಅದರ ಮೇಲೆ 6,020. ಪಾಲಿಸಿ ಬೇಕೋ ಬೇಡವೋ ಅನ್ನೋದು ನಿಮಗೆ ಬಿಟ್ಟಿದ್ದು. ಟ್ಯಾಕ್ಸ್ ಉಳಿಯುತ್ತೆ ಅನ್ನೋ ಒಂದೇ ಕಾರಣಕ್ಕೆ ತಗೊಳ್ಳುವ ವಸ್ತು ಅದಲ್ಲ.

ನಿಮ್ಮ ಲಾಭದ ಮಾತು ಬಂತಲ್ಲ, ಅದೂ ಮುಖ್ಯ. ಈ ಕಡಿತ ಆ ವ್ಯವಹಾರದ ಲಾಭವನ್ನು ಮೀರುವ ಹಾಗಿಲ್ಲ. ಲಾಭದಿಂದ ಮೊದಲು ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸಿನ (ಎಸ್‌ಇ ಟ್ಯಾಕ್ಸ್, ಸ್ವಂತ ದುಡಿಮೆಯವರು ಕಟ್ಟುವ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆ) ಅರ್ಧ ಕಳೀಬೇಕು, ನಿವೃತ್ತಿ ಉಳಿತಾಯದ ಸೆಪ್ ಅಥವಾ ಸೋಲೋ 401(ಕೆ)ಗೆ ಹಾಕಿದ್ದರೆ ಅದನ್ನೂ ಕಳೀಬೇಕು. 6,000 ಲಾಭಕ್ಕೆ ಆ ಟ್ಯಾಕ್ಸ್ 848, ಅರ್ಧ 424. ಉಳಿದ 5,576 ನಿಮ್ಮ ಮೇಲ್ಮಿತಿ. ಪ್ರೀಮಿಯಂ 9,000 ಇದ್ದರೂ ಸಿಗೋದು 5,576. ವ್ಯವಹಾರ ನಷ್ಟದಲ್ಲಿದ್ದರೆ ಸೊನ್ನೆ.

ಎರಡು ವ್ಯವಹಾರ ಇರುವವರು ಗಮನಿಸಿ: ಪ್ಲಾನನ್ನು ಯಾವುದೋ ಒಂದು ವ್ಯವಹಾರಕ್ಕೆ ಅಂಟಿಸಬೇಕು. ಎರಡರ ಲಾಭವನ್ನೂ ಗುಡ್ಡೆ ಹಾಕಿ ಒಂದು ಪ್ಲಾನಿನ ಮಿತಿ ಏರಿಸೋಕೆ ಬರಲ್ಲ.

ನಿಧಾನಸ್ಥ

ಇಷ್ಟೆಲ್ಲ ತಲೆಬಿಸಿ ಯಾಕೆ? ಇನ್ಶೂರೆನ್ಸ್ ನನ್ನ ವ್ಯವಹಾರದ ಖರ್ಚು. ಶೆಡ್ಯೂಲ್ ಸಿ ನಲ್ಲಿ ಇನ್ಶೂರೆನ್ಸ್ ಅಂತ ಸಾಲೇ ಇದೆ, ಅಲ್ಲಿ ಬರೆದರಾಯ್ತು. ಇನ್‌ಕಮ್ ಟ್ಯಾಕ್ಸೂ ಕಡಿಮೆ, ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸೂ ಕಡಿಮೆ. ಆರೋಗ್ಯ ಕೆಟ್ಟರೆ ವ್ಯವಹಾರ ನಡೆಸೋದು ಯಾರು?

ಲೆಕ್ಕದ ಪುಸ್ತಕ

ಆ ಸಾಲನ್ನು ಇನ್ನೊಮ್ಮೆ ಪೂರ್ತಿ ಓದಿ ಸರ್. 15ನೇ ಸಾಲು, "ಇನ್ಶೂರೆನ್ಸ್, ಹೆಲ್ತ್ ಬಿಟ್ಟು" ಅಂತಲೇ ಅಚ್ಚು ಹಾಕಿದ್ದಾರೆ. 14ನೇ ಸಾಲು ನೌಕರರ ಸೌಲಭ್ಯಕ್ಕೆ. ನೀವು ನಿಮ್ಮ ವ್ಯವಹಾರದ ಮಾಲೀಕರು, ನೌಕರರಲ್ಲ.

ನಮ್ಮ ಕಡಿತ ಹೋಗೋದು ಮುಖ್ಯ ರಿಟರ್ನ್ ಫಾರ್ಮ್ 1040ರ ಶೆಡ್ಯೂಲ್ 1, 17ನೇ ಸಾಲಿಗೆ. ಲೆಕ್ಕ ಹಾಕೋಕೆ ಫಾರ್ಮ್ 7206 ಅಂತ ಇದೆ. ಸ್ಟ್ಯಾಂಡರ್ಡ್ ಡಿಡಕ್ಷನ್ ತಗೊಂಡರೂ ಇದು ಬೇರೆಯಾಗಿ ಸಿಗುತ್ತೆ, ಎಜಿಐ ಇಳಿಯುತ್ತೆ, ಅದೇ ದೊಡ್ಡ ಲಾಭ. ಆದರೆ 15.3%ರ ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್ ಇದರಿಂದ ಇಳಿಯೋದಿಲ್ಲ. 2010ರ ಒಂದೇ ಒಂದು ವರ್ಷ ಕಾಂಗ್ರೆಸ್ ಅದನ್ನೂ ಇಳಿಸೋಕೆ ಬಿಟ್ಟಿತ್ತು, ಆಮೇಲೆ ಇಲ್ಲ. ನೀವು 10,000 ಡಾಲರನ್ನು ಸಿ ನಲ್ಲಿ ಬರೆದರೆ ಸುಮಾರು 1,413 ಡಾಲರ್ ಎಸ್‌ಇ ಟ್ಯಾಕ್ಸ್ ಕಡಿಮೆ ಕಟ್ಟಿದ ಹಾಗೆ. ಪತ್ರ ಬಂದರೆ ಬಡ್ಡಿ ಸಮೇತ ಕೇಳ್ತಾರೆ.

ನಿಧಾನಸ್ಥ

ಕೇಳಿದಾಗ ನೋಡೋಣ. ಆದರೆ ಮೇಡಂ, ಹೆಂಡತಿಯನ್ನೇ ನೌಕರಳಾಗಿ ಇಟ್ಟುಕೊಂಡು ಆಕೆಗೆ ಫ್ಯಾಮಿಲಿ ಕವರೇಜ್ ಕೊಟ್ಟರೆ ಸಿ ನಲ್ಲೇ ಕಳೀಬಹುದು ಅಂತ ನನ್ನ ಸಿಪಿಎ ಹೇಳಿದ್ದರು. ಅದೂ ಸುಳ್ಳೇ?

ಲೆಕ್ಕದ ಪುಸ್ತಕ

ಸುಳ್ಳಲ್ಲ. ಐಆರ್‌ಎಸ್‌ನ 71-588 ಅನ್ನೋ ರೂಲಿಂಗ್ 1971ರಷ್ಟು ಹಳೇದು. ಒಂಟಿ ಮಾಲೀಕ ಹೆಂಡತಿಯನ್ನು ನಿಜವಾಗಿ ಕೆಲಸಕ್ಕಿಟ್ಟುಕೊಂಡು, ನೌಕರರ ಆರೋಗ್ಯ ಪ್ಲಾನ್ ಅಂತ ಮಾಡಿ, ಆಕೆಗೂ ಆಕೆಯ ಕುಟುಂಬಕ್ಕೂ ಕವರೇಜ್ ಕೊಟ್ಟರೆ ಅದು ವ್ಯವಹಾರದ ಖರ್ಚು. ಆಕೆಯ ಕುಟುಂಬದಲ್ಲಿ ನೀವೂ ಬಂದಿರಿ. ಆಗ ಎಸ್‌ಇ ಟ್ಯಾಕ್ಸೂ ಇಳಿಯುತ್ತೆ.

ಆದರೆ "ನಿಜವಾಗಿ" ಅನ್ನೋ ಶಬ್ದದಲ್ಲೇ ಕಷ್ಟ ಇರೋದು. ಕೆಲಸ ಇರಬೇಕು, ಮಾಡಿದ ಗಂಟೆಗಳ ದಾಖಲೆ ಇರಬೇಕು, ಡಬ್ಲ್ಯೂ-2 (ವರ್ಷದ ಸಂಬಳದ ಪತ್ರ) ಕೊಡಬೇಕು, ಪೇರೋಲ್ ರಿಟರ್ನ್ ಹಾಕಬೇಕು, ಪ್ಲಾನ್ ಬರಹದಲ್ಲಿ ಇರಬೇಕು. ಸಂಬಳ ಪ್ಲಸ್ ಸೌಲಭ್ಯ ಎರಡೂ ಸೇರಿ ಆಕೆ ಮಾಡುವ ಕೆಲಸಕ್ಕೆ ಹೊಂದಬೇಕು. ವಾರಕ್ಕೆರಡು ಸಲ ಇಮೇಲ್ ನೋಡುವವರಿಗೆ 17,000 ಡಾಲರಿನ ಇನ್ಶೂರೆನ್ಸ್ ಅಂದರೆ ಯಾವ ಆಡಿಟರೂ ನಗ್ತಾನೆ. ಆಕೆಯ ಹೆಸರೂ ವ್ಯವಹಾರದ ಪಾಲುದಾರಳಾಗಿ ಎಲ್ಲೆಲ್ಲೂ ಇದ್ದರೆ ಅಲ್ಲಿಗೆ ಮುಗೀತು.

ಹುಬ್ಬಳ್ಳಿ ಮಂದಿ

ನಮ್ದು ಟೆಕ್ಸಾಸ್‌ದಾಗ ಎಸ್ ಕಾರ್ಪ್ ಐತ್ರಿ, ಅಂದ್ರ ಲಾಭದ ಟ್ಯಾಕ್ಸ್ ಕಂಪನಿ ಬದಲು ಮಾಲಕನ ರಿಟರ್ನಿನಾಗ ಬರೂ ಕಂಪನಿ. ನಾ ಒಬ್ನ ಮಾಲಕ. ಪ್ರೀಮಿಯಂ ನನ್ನ ಸ್ವಂತ ಅಕೌಂಟಿನಿಂದ ಕಟ್ಟೇನಿ, ಕಂಪನಿ ಪುಸ್ತಕದಾಗ ಅದರ ಸುದ್ದೀನ ಇಲ್ಲ. ಇದು ನಡೀತೈತೇನ್ರಿ? ಮತ್ತ ಹೆಂಡ್ತೀನ ನೌಕರಿಗೆ ಇಟ್ಟಕೊಳ್ಳೂ ಐಡಿಯಾ ಭಾರಿ ಐತಲ್ರಿ, ನಾನೂ ಮಾಡ್ಲೇನು?

ಲೆಕ್ಕದ ಪುಸ್ತಕ

ಹೆಂಡತಿಯ ಐಡಿಯಾ ನಿಮಗೆ ನಡೆಯೋದಿಲ್ಲರೀ. ಎಸ್ ಕಾರ್ಪ್‌ನಲ್ಲಿ 2%ಕ್ಕಿಂತ ಹೆಚ್ಚು ಷೇರು ಇರುವವರ ಹೆಂಡತಿ, ಮಕ್ಕಳು, ತಂದೆತಾಯಿಯನ್ನೂ ಷೇರುದಾರರು ಅಂತಲೇ ಲೆಕ್ಕ ಹಿಡೀತಾರೆ. ಅವರು ಬರೀ ನೌಕರರಾಗಿದ್ದರೂ ಅಷ್ಟೆ.

ನಿಮ್ಮ ಪ್ರೀಮಿಯಂ ಕಡೆಗೆ ಬರೋಣ. ನೋಟಿಸ್ 2008-1ರ ಪ್ರಕಾರ ಪಾಲಿಸಿ ನಿಮ್ಮ ಹೆಸರಲ್ಲಿದ್ದರೂ ಅಡ್ಡಿಯಿಲ್ಲ. ಆದರೆ ಕಂಪನಿ ನೇರವಾಗಿ ಕಟ್ಟಬೇಕು ಅಥವಾ ನೀವು ಕಟ್ಟಿದ್ದನ್ನು ಕಂಪನಿ ಅದೇ ವರ್ಷದಲ್ಲಿ ನಿಮಗೆ ಹಿಂದಿರುಗಿಸಬೇಕು, ಆಮೇಲೆ ಆ ಮೊತ್ತವನ್ನು ನಿಮ್ಮ ಡಬ್ಲ್ಯೂ-2ರ ಒಂದನೇ ಪೆಟ್ಟಿಗೆಯ ಸಂಬಳಕ್ಕೆ ಸೇರಿಸಬೇಕು. ನೌಕರರ ಪ್ಲಾನಿನ ಅಡಿಯಲ್ಲಿ ಕೊಟ್ಟದ್ದಾದರೆ 3 ಮತ್ತು 5ನೇ ಪೆಟ್ಟಿಗೆಗೆ ಸೇರಿಸಬೇಕಿಲ್ಲ, ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆ ಬೀಳೋದಿಲ್ಲ. ಒಂದು ಕೈಯಲ್ಲಿ ಆದಾಯಕ್ಕೆ ಸೇರಿಸಿ ಇನ್ನೊಂದು ಕೈಯಲ್ಲಿ 17ನೇ ಸಾಲಿನಲ್ಲಿ ಕಳೆಯೋದು. ಸುತ್ತು ದಾರಿ, ಆದರೆ ಇದೇ ದಾರಿ. ಕಂಪನಿ ಪುಸ್ತಕದಲ್ಲೂ ಡಬ್ಲ್ಯೂ-2ರಲ್ಲೂ ಇಲ್ಲ ಅಂದರೆ ಆ ಕಡಿತ ಇಲ್ಲ.

ಪಾರ್ಟ್‌ನರ್‌ಶಿಪ್‌ನವರಿಗೂ ಹೆಚ್ಚುಕಡಿಮೆ ಹೀಗೇ, ಅಲ್ಲಿ ಕೆ-1ರಲ್ಲಿ (ಪಾಲುದಾರನ ಪಾಲು ತೋರಿಸುವ ಫಾರ್ಮ್) ಗ್ಯಾರಂಟೀಡ್ ಪೇಮೆಂಟ್ (ಲಾಭ ನೋಡದೆ ಪಾಲುದಾರನಿಗೆ ಕೊಡುವ ಹಣ) ಆಗಿ ಬರಬೇಕು.

ಹುಬ್ಬಳ್ಳಿ ಮಂದಿ

ಅಲ್ರಿ, ನಾ ಡಬ್ಲ್ಯೂ-2 ತಗೊಳ್ಳೂದ ಇಲ್ಲ! ಸಂಬಳ ಬ್ಯಾಡ, ಎಲ್ಲಾ ಡಿಸ್ಟ್ರಿಬ್ಯೂಶನ್ ಅಂತ ಲಾಭದ ಪಾಲಾಗಿ ತಗೋ, ಪೇರೋಲ್ ಟ್ಯಾಕ್ಸ್ ಉಳೀತೈತಿ ಅಂತ ಊರ ಮಂದಿ ಹೇಳಿದ್ರು.

ಲೆಕ್ಕದ ಪುಸ್ತಕ

ಊರ ಮಂದಿ ಐಆರ್‌ಎಸ್‌ಗೆ ಉತ್ತರ ಕೊಡೋಕೆ ಬರಲ್ಲ. ಎಸ್ ಕಾರ್ಪ್ ಮಾಲೀಕ ದುಡಿಯುತ್ತಿದ್ದರೆ ತಕ್ಕಷ್ಟು ಸಂಬಳ ತಗೊಳ್ಳಲೇಬೇಕು. ಇಲ್ಲಿ ಇನ್ನೊಂದು ಪೆಟ್ಟು: ನಿಮ್ಮ ಕಡಿತದ ಮೇಲ್ಮಿತಿ ನೋಡೋದು ಆ ಕಂಪನಿಯ ಡಬ್ಲ್ಯೂ-2ರ 5ನೇ ಪೆಟ್ಟಿಗೆಯ ಮೊತ್ತದ ಮೇಲೆ. ಸಂಬಳ ಸೊನ್ನೆ ಅಂದರೆ ಕಂಪನಿಗೆ ಎಷ್ಟೇ ಲಾಭ ಬಂದಿದ್ದರೂ ಕಡಿತ ಸೊನ್ನೆ. 2026ಕ್ಕೆ ಈಗಿಂದಲೇ ಪೇರೋಲ್ ಶುರು ಮಾಡಿ, ಕಂಪನಿ ಖಾತೆಯಿಂದಲೇ ಪ್ರೀಮಿಯಂ ಕಟ್ಟಿಸಿ. 2025ರದ್ದನ್ನು ಪೇರೋಲ್ ಮಾಡುವವರ ಜೊತೆ ಕೂತೇ ಬಿಡಿಸಬೇಕು, ಇಲ್ಲಿ ಎರಡು ಸಾಲಲ್ಲಿ ಆಗೋದಲ್ಲ.

ಸಿಹಿಮೊಗೆ

ಕಾಗದ ಸಿಕ್ತು. "ಕೆಲಸಕ್ಕೆ ಸೇರಿ 30 ದಿನ ಕಳೆದ ಮೇಲೆ ಬರುವ ತಿಂಗಳ ಒಂದನೇ ತಾರೀಕಿನಿಂದ ಕವರೇಜ್" ಅಂತ ಇದೆ. ಸೇರಿದ್ದು ಆಗಸ್ಟ್ 25. ಅಂದರೆ ಅಕ್ಟೋಬರ್ 1. ಗಂಡನನ್ನು ಸೇರಿಸಿಕೊಳ್ತಾರೆ, ಶಾಲೆ ಒಂದು ಪಾಲು ಕಟ್ಟುತ್ತೆ. ಹಾಗಾದರೆ ಜೂನ್‌ನಿಂದ ಸೆಪ್ಟೆಂಬರ್, ನಾಲ್ಕು ತಿಂಗಳು, 5,800 ಅಲ್ವಾ? ಜನವರಿಯಿಂದ ಮೇ ವರೆಗೆ ನನ್ನ ಹಳೇ ಆಫೀಸಿನ ಪ್ಲಾನ್ ಇತ್ತು.

ಒಂದು ಅನುಮಾನ. ಕೆಲಸ ಬಿಟ್ಟಾಗ ಕೋಬ್ರಾ (ಹಳೇ ಆಫೀಸಿನ ಪ್ಲಾನನ್ನೇ ಸ್ವಂತ ದುಡ್ಡಲ್ಲಿ ಮುಂದುವರಿಸೋದು) ತಗೊಂಡಿದ್ದರೆ ಅದನ್ನೂ ಹೀಗೇ ಕಳೀಬಹುದಿತ್ತಾ?

ಲೆಕ್ಕದ ಪುಸ್ತಕ

5,800 ಸರಿ. 60,000 ಲಾಭಕ್ಕೆ ನಿಮ್ಮ ಎಸ್‌ಇ ಟ್ಯಾಕ್ಸ್ ಸುಮಾರು 8,478, ಅದರ ಅರ್ಧ 4,239 ಕಳೆದರೂ ಮಿತಿ 55,761. ಆ ಕಡೆ ಚಿಂತೆ ಇಲ್ಲ. ಕ್ಯೂಬಿಐ ಡಿಡಕ್ಷನ್ (ಸ್ವಂತ ವ್ಯವಹಾರದ ಆದಾಯಕ್ಕೆ ಸಿಗುವ ಇನ್ನೊಂದು ಕಡಿತ) ಲೆಕ್ಕ ಹಾಕುವಾಗ ಈ 5,800 ವ್ಯವಹಾರದ ಆದಾಯದಿಂದ ಕಳೆದುಹೋಗುತ್ತೆ, ಸಾಫ್ಟ್‌ವೇರ್ ತಾನೇ ಮಾಡುತ್ತೆ, ನೋಡಿ ಗಾಬರಿ ಆಗಬೇಡಿ. ಆ ಬೆನಿಫಿಟ್ಸ್ ಕಾಗದ ರಿಟರ್ನ್ ಫೈಲಿನಲ್ಲೇ ಇಟ್ಟುಕೊಳ್ಳಿ.

ಕೋಬ್ರಾದಲ್ಲಿ ಪ್ಲಾನ್ ಇರೋದು ಹಳೇ ಉದ್ಯೋಗದಾತರ ಹೆಸರಲ್ಲಿ, ನಿಮ್ಮ ವ್ಯವಹಾರದ ಅಡಿಯಲ್ಲಿ ಅಲ್ಲ. ಅದನ್ನು 17ನೇ ಸಾಲಿಗೆ ಹಾಕೋಕೆ ನಾನಂತೂ ಒಪ್ಪೋದಿಲ್ಲ. ಶೆಡ್ಯೂಲ್ ಎ ಮಾತ್ರ. ಕೋಬ್ರಾನೋ ಸ್ವಂತ ಪಾಲಿಸಿನೋ ಅಂತ ತೂಗಿ ನೋಡುವವರು ಈ ವ್ಯತ್ಯಾಸವನ್ನೂ ತಕ್ಕಡಿಗೆ ಹಾಕಬೇಕು.

ಬೆಳ್ಳಂಬೆಳಗ್ಗೆ

ಮಾರ್ಕೆಟ್‌ಪ್ಲೇಸ್‌ನವರ ಪಾಡು ಯಾರೂ ಮಾತಾಡ್ತಿಲ್ಲ. ನಾವು ಜಾರ್ಜಿಯಾ, ನಾಲ್ಕು ಜನ, ಇಬ್ಬರದೂ ಸ್ವಂತ ಕೆಲಸ. ಪ್ರೀಮಿಯಂ ಕಳೆದರೆ ಆದಾಯ ಇಳಿಯುತ್ತೆ. ಆದಾಯ ಇಳಿದರೆ ಸಬ್ಸಿಡಿ ಏರುತ್ತೆ. ಸಬ್ಸಿಡಿ ಏರಿದರೆ ನಾವು ಕೈಯಿಂದ ಕಟ್ಟಿದ ಪ್ರೀಮಿಯಂ ಇಳಿಯುತ್ತೆ. ಅದು ಇಳಿದರೆ ಕಡಿತ ಇಳಿದು ಆದಾಯ ಮತ್ತೆ ಏರುತ್ತೆ! ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ ತಲೆ ತಿರುಗ್ತಿದೆ.

ಲೆಕ್ಕದ ಪುಸ್ತಕ

ಐಆರ್‌ಎಸ್‌ಗೂ ತಲೆ ತಿರುಗಿತ್ತು. ಅದಕ್ಕೇ 2014ರಲ್ಲಿ ರೆವಿನ್ಯೂ ಪ್ರೊಸೀಜರ್ 2014-41 ಅಂತ ತಂದರು. ಸುತ್ತಿ ಸುತ್ತಿ ಲೆಕ್ಕ ಹಾಕುತ್ತಾ ಹೋಗಿ, ಎರಡು ಸುತ್ತಿನ ನಡುವೆ ವ್ಯತ್ಯಾಸ ಒಂದು ಡಾಲರಿಗಿಂತ ಕಡಿಮೆಯಾದಾಗ ನಿಲ್ಲಿಸೋದು ಒಂದು ವಿಧಾನ. ಸುತ್ತು ಕಡಿಮೆ ಮಾಡಿದ ಸರಳ ವಿಧಾನ ಇನ್ನೊಂದು. ಪಬ್ಲಿಕೇಶನ್ 974ರಲ್ಲಿ ವರ್ಕ್‌ಶೀಟ್ ಇದೆ. ಕೈಯಲ್ಲಿ ಮಾಡಬೇಡಿ, ಮಾರ್ಕೆಟ್‌ಪ್ಲೇಸ್ ಕಳಿಸುವ 1095-ಎ ನಲ್ಲಿರುವ ಅಂಕಿಗಳನ್ನು ಸರಿಯಾಗಿ ಕೊಟ್ಟರೆ ಒಳ್ಳೇ ಸಾಫ್ಟ್‌ವೇರ್ ಮಾಡುತ್ತೆ. ನೆನಪಿಡಬೇಕಾದ್ದು, ಸರ್ಕಾರ ಮುಂಗಡವಾಗಿ ಕಟ್ಟಿದ ಪಾಲನ್ನು ನೀವು ಕಳೆಯೋ ಹಾಗಿಲ್ಲ. ನಿಮ್ಮ ಕೈಯಿಂದ ಹೋದದ್ದು ಮಾತ್ರ.

2026 ಇದಕ್ಕಿಂತ ಬಿಗಿ. 2021ರಲ್ಲಿ ಬಂದ ಹೆಚ್ಚುವರಿ ಸಬ್ಸಿಡಿ 2025ರ ಕೊನೆಗೆ ಮುಗಿಯಿತು. ಬಡತನ ರೇಖೆಯ 400% ದಾಟಿದರೆ ಕ್ರೆಡಿಟ್ ಪೂರ್ತಿ ಸೊನ್ನೆ ಅನ್ನೋ ಹಳೇ ಕಂದಕ ಮತ್ತೆ ಬಾಯಿ ತೆರೆದಿದೆ. ನಾಲ್ಕು ಜನರ ಮನೆಗೆ ಆ ಗೆರೆ 128,600 ಡಾಲರ್, ಒಬ್ಬರಿಗೆ 62,600. ಇನ್ನೊಂದು, ಮುಂಗಡ ಸಬ್ಸಿಡಿ ಜಾಸ್ತಿ ಬಂದಿದ್ದರೆ ಹಿಂದೆ ಕೊಡುವಾಗ ಕಡಿಮೆ ಆದಾಯದವರಿಗೆ ಒಂದು ಮಿತಿ ಇತ್ತು. 2026ರಿಂದ ಆ ಮಿತಿ ತೆಗೆದಿದ್ದಾರೆ, ಪೂರ್ತಿ ವಾಪಸ್.

ಒಂದು ಲೆಕ್ಕ ನೋಡಿ. ಒಬ್ಬರದೇ ಲಾಭ 140,000 ಅಂತಿಟ್ಟುಕೊಳ್ಳಿ, ಬೇರೆ ಆದಾಯ ಇಲ್ಲ. ಎಸ್‌ಇ ಟ್ಯಾಕ್ಸಿನ ಅರ್ಧ 9,891 ಕಳೆದರೆ 130,109. ಗೆರೆಗಿಂತ 1,509 ಮೇಲೆ. ಈ ಜಾಗದಲ್ಲಿ ಪ್ರೀಮಿಯಂ ಕಡಿತವೊಂದನ್ನೇ ನಂಬಿ ಗೆರೆ ದಾಟದಂತೆ ನಿಲ್ಲೋದು ನನಗೆ ಇಷ್ಟವಿಲ್ಲ, ಅದು ಸುತ್ತಿನ ಲೆಕ್ಕದೊಳಗೆ ಹಿಗ್ಗಿ ಕುಗ್ಗುತ್ತೆ. ಎಚ್‌ಎಸ್‌ಎ (ತೆರಿಗೆ ಇಲ್ಲದ ವೈದ್ಯಕೀಯ ಉಳಿತಾಯ ಖಾತೆ) ಆದರೆ ಗಟ್ಟಿ ಅಂಕಿ. 2026ಕ್ಕೆ ಕುಟುಂಬಕ್ಕೆ 8,750, ಒಬ್ಬರಿಗೆ 4,400. ಮೊದಲು ಎಚ್‌ಎಸ್‌ಎಗೆ ಹೊಂದುವ ಪ್ಲಾನ್ ಹುಡುಕೋದೇ ಕಷ್ಟ ಇತ್ತು. 2026ರಿಂದ ಮಾರ್ಕೆಟ್‌ಪ್ಲೇಸ್‌ನ ಬ್ರಾಂಜ್ ದರ್ಜೆಯ (ಕಂತು ಕಡಿಮೆ, ಕೈಯಿಂದ ಖರ್ಚು ಹೆಚ್ಚು) ಪ್ಲಾನುಗಳೆಲ್ಲ ಹೊಂದುತ್ತವೆ ಅಂತ ಕಾನೂನಾಗಿದೆ. ಸೆಪ್ ಅಥವಾ ಸೋಲೋ 401(ಕೆ)ಗೆ ಹಾಕಿದರೂ ಆದಾಯ ಇಳಿಯುತ್ತೆ. ಡಿಸೆಂಬರ್ ಬರುವ ಮುಂಚೆ ಒಮ್ಮೆ ಕೂತು ಈ ಲೆಕ್ಕ ಹಾಕಿ.

ಕಡಲತಡಿ

ಎಚ್-4 ಇಎಡಿಯಲ್ಲಿ (ಎಚ್-1ಬಿಯವರ ಸಂಗಾತಿಗೆ ಸಿಗುವ ಕೆಲಸದ ಪರವಾನಗಿ) ಸ್ವಂತ ಕೆಲಸ ಮಾಡುವವರು ನಮ್ಮಲ್ಲಿ ತುಂಬ ಜನ ಇದ್ದಾರೆ. ಅವರಿಗೂ ಇದೆಲ್ಲ ಉಂಟಾ?

ಲೆಕ್ಕದ ಪುಸ್ತಕ

ತೆರಿಗೆಯ ಲೆಕ್ಕದಲ್ಲಿ ರೆಸಿಡೆಂಟ್ ಆಗಿದ್ದರೆ ಕಡಿತದ ನಿಯಮ ಒಂದೇ. ಆದರೆ ಎಚ್-4 ಅಂದ ಮೇಲೆ ಗಂಡನೋ ಹೆಂಡತಿಯೋ ಎಚ್-1ಬಿ ಕೆಲಸದಲ್ಲಿ ಇರಲೇಬೇಕಲ್ಲ. ಬಹುಪಾಲು ಆ ಕಂಪನಿಯಲ್ಲಿ ಸಂಗಾತಿಗೂ ಕವರೇಜ್ ಇರುತ್ತೆ, ಅಲ್ಲಿಗೆ ಕಡಿತ ಹೋಯ್ತು. ಸಂಗಾತಿಯನ್ನು ಸೇರಿಸಿಕೊಳ್ಳದ ಸಣ್ಣ ಕಂಪನಿಯವರಿಗೆ ಮಾತ್ರ ಉಪಯೋಗ. ಎಚ್-1ಬಿಯವರು ತಾವೇ ಪಕ್ಕದಲ್ಲಿ 1099 ಕೆಲಸ ಮಾಡಿಕೊಂಡಿದ್ದರೆ ಟ್ಯಾಕ್ಸ್ ಕಡಿತ ಅವರ ಚಿಕ್ಕ ಚಿಂತೆ. ಇಮಿಗ್ರೇಶನ್ ವಕೀಲರನ್ನು ಮೊದಲು ನೋಡಲಿ.

ಮಾರ್ಕೆಟ್‌ಪ್ಲೇಸ್ ಸಬ್ಸಿಡಿ ತಗೊಳ್ಳುತ್ತಿರುವ ವೀಸಾದವರಿಗೆ ಒಂದು ಮಾತು: 2027ರಿಂದ ಎಚ್-1ಬಿ, ಎಚ್-4ಗಳಿಗೆ ಅದು ಸಿಗೋದಿಲ್ಲ, ಗ್ರೀನ್ ಕಾರ್ಡಿನವರಿಗೆ ಇರುತ್ತೆ.

ಅಪ್ಪನ ಮಗಳು

ನಾನು ಕೋರ್ಟುಗಳಿಗೆ ಇಂಟರ್‌ಪ್ರಿಟರ್, ನಮ್ಮವರಿಗೂ ಸ್ವಂತ ವ್ಯವಹಾರ, ಆಫೀಸಿನ ಪ್ಲಾನ್ ಯಾರಿಗೂ ಇಲ್ಲ. ಅಪ್ಪ ಅಮ್ಮ ಗ್ರೀನ್ ಕಾರ್ಡಲ್ಲಿ ಬಂದು ಐದು ವರ್ಷ ದಾಟಿತು, ನಮ್ಮ ಜೊತೆಗೇ ಇದ್ದಾರೆ. ಇಬ್ಬರ ಮೆಡಿಕೇರ್ (ಹಿರಿಯರ ಸರ್ಕಾರಿ ವಿಮೆ) ಪ್ರೀಮಿಯಂ ನಾನೇ ಕಟ್ಟೋದು. ಇಲ್ಲಿ ದುಡಿದವರಲ್ಲವಲ್ಲ, ಪಾರ್ಟ್ ಎಗೂ ದುಡ್ಡು. 2025ರಲ್ಲಿ ಒಬ್ಬೊಬ್ಬರಿಗೆ ತಿಂಗಳಿಗೆ ಎ (ಆಸ್ಪತ್ರೆ) 518, ಬಿ (ಡಾಕ್ಟರ್) 185 ಡಾಲರ್. ಅಪ್ಪನಿಗೆ ಊರಿನ ಬ್ಯಾಂಕಿನ ಪಿಂಚಣಿ ಬರುತ್ತೆ, ವರ್ಷಕ್ಕೆ ಸುಮಾರು 7,000 ಡಾಲರ್ ಆಗುತ್ತೆ. ಅಮ್ಮನಿಗೆ ಏನೂ ಇಲ್ಲ. ಇದನ್ನು ಕಳೀಬಹುದಾ?

ಲೆಕ್ಕದ ಪುಸ್ತಕ

ಮೆಡಿಕೇರ್‌ನ ಎಲ್ಲ ಭಾಗಗಳ ಪ್ರೀಮಿಯಂ ಈ ಕಡಿತಕ್ಕೆ ಬರುತ್ತೆ ಅಂತ ಐಆರ್‌ಎಸ್‌ನ ವಕೀಲರ ಕಚೇರಿ 2012ರಲ್ಲೇ ಬರೆದಿದೆ, ಡಿಪೆಂಡೆಂಟ್ (ರಿಟರ್ನಿನಲ್ಲಿ ನಿಮ್ಮ ಅವಲಂಬಿತರು) ಆದವರದ್ದೂ ಸೇರಿ. ಅಪ್ಪ ಅಮ್ಮ ನಿಮ್ಮ ಡಿಪೆಂಡೆಂಟ್ ಆಗ್ತಾರಾ ಅನ್ನೋದೇ ಪ್ರಶ್ನೆ.

ಅಮ್ಮ ಆಗ್ತಾರೆ, ಅವರ ಖರ್ಚಿನ ಅರ್ಧಕ್ಕಿಂತ ಹೆಚ್ಚು ನೀವು ನೋಡಿಕೊಳ್ತಿದ್ದರೆ, ಅಪ್ಪನ ಜೊತೆ ಜಂಟಿ ರಿಟರ್ನ್ ಹಾಕದಿದ್ದರೆ. ಅಪ್ಪನದು ಕಷ್ಟ. 2025ಕ್ಕೆ ಡಿಪೆಂಡೆಂಟಿನ ಆದಾಯ 5,200 ಡಾಲರಿಗಿಂತ ಕಡಿಮೆ ಇರಬೇಕು, ಊರಿನ ಪಿಂಚಣಿಯೂ ಆ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಅಮ್ಮನ ಪ್ರೀಮಿಯಂ 17ನೇ ಸಾಲಿಗೆ, ಅಪ್ಪನದು ಅಲ್ಲಿ ಆಗೋದಿಲ್ಲ. ಆದರೆ ಶೆಡ್ಯೂಲ್ ಎ ನ ವೈದ್ಯಕೀಯ ಖರ್ಚಿಗೆ ಈ 5,200ರ ಪರೀಕ್ಷೆ ಇಲ್ಲ. ಅವರ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ನಿಮ್ಮದಾದರೆ ಅಪ್ಪನ ಪ್ರೀಮಿಯಂ, ಔಷಧಿ, ಹಲ್ಲಿನ ಖರ್ಚು ಅಲ್ಲಿ ಹಾಕಬಹುದು.

ಮಕ್ಕಳ ವಿಷಯದಲ್ಲಿ ಕಾನೂನು ಸಡಿಲ. ವರ್ಷದ ಕೊನೆಗೆ 27 ತುಂಬದ ಮಗ ಅಥವಾ ಮಗಳು ಡಿಪೆಂಡೆಂಟ್ ಆಗದಿದ್ದರೂ ಅವರ ಪ್ರೀಮಿಯಂ ಕಳೀಬಹುದು.

ಅಪ್ಪನ ಮಗಳು

ತುಂಬಾ ಉಪಕಾರ ಆಯ್ತು. ಕೊನೇದೊಂದು. ಅತ್ತೆ ಮಾವ ವಿಸಿಟರ್ ವೀಸಾದಲ್ಲಿ ಬೇಸಿಗೆಗೆ ಬಂದುಹೋದರು, ಅವರಿಗೆ ತಗೊಂಡ ವಿಸಿಟರ್ ಇನ್ಶೂರೆನ್ಸ್? ಮತ್ತೆ ಊರಲ್ಲಿ ಅವರ ಹೆಲ್ತ್ ಪಾಲಿಸಿಯ ಕಂತೂ ನನ್ನ ಎನ್‌ಆರ್‌ಒ (ಎನ್‌ಆರ್‌ಐಗಳ ಭಾರತದ ಬ್ಯಾಂಕ್) ಖಾತೆಯಿಂದಲೇ ಹೋಗ್ತಿದೆ.

ಲೆಕ್ಕದ ಪುಸ್ತಕ

ಇಲ್ಲಿನ ರಿಟರ್ನಿನಲ್ಲಿ ಎರಡೂ ಇಲ್ಲ. ಅವರು ಇಲ್ಲಿ ರೆಸಿಡೆಂಟ್ ಅಲ್ಲ, ಹಾಗಾಗಿ ಡಿಪೆಂಡೆಂಟ್ ಅಲ್ಲ.

ಊರಿನ, ಅಂದರೆ ಭಾರತದ ರಿಟರ್ನಿನಲ್ಲಿ 80ಡಿ (ಹೆಲ್ತ್ ಪ್ರೀಮಿಯಂ ಕಡಿತ) ಇದೆ, ಎನ್‌ಆರ್‌ಐಗಳಿಗೂ ಸಿಗುತ್ತೆ, ಆದರೆ ಹಳೇ ತೆರಿಗೆ ಪದ್ಧತಿ ಆಯ್ದುಕೊಂಡಿರಬೇಕು, ಅಲ್ಲಿ ತೆರಿಗೆ ಕಟ್ಟುವಷ್ಟು ಆದಾಯ ಇರಬೇಕು. ಹಿರಿಯ ನಾಗರಿಕರಾದ ತಂದೆತಾಯಿಯ ಪಾಲಿಸಿಗೆ 50,000 ರೂಪಾಯಿ ತನಕ. ಅತ್ತೆ ಮಾವನಿಗೆ ಅದು ಇಲ್ಲ. ಅಂದರೆ ಸೊಸೆ ಕಟ್ಟಿದರೆ ಯಾರಿಗೂ ಸಿಗೋದಿಲ್ಲ, ಮಗ ಕಟ್ಟಿದರೆ ಮಗನಿಗೆ ಸಿಗುತ್ತೆ. ನಿಮ್ಮವರಿಗೆ ಊರಲ್ಲಿ ಬಾಡಿಗೆಯೋ ಬಡ್ಡಿಯೋ ಬರ್ತಿದ್ದರೆ ಕಂತನ್ನು ಅವರ ಖಾತೆಗೆ ಬದಲಾಯಿಸಿ, ನಗದು ಬೇಡ. ಈ ವರ್ಷದ ಕಂತು ಇನ್ನೂ ಕಟ್ಟಿಲ್ಲದಿದ್ದರೆ ಮಾರ್ಚ್ 31ರೊಳಗೆ ಅವರಿಂದಲೇ ಕಟ್ಟಿಸಿ.